ಅತ್ತಿಗೆಯ ಹಿಡಿ ಉಪ್ಪು

ನಮ್ಮ ಅತ್ತಿಗೆಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಅಣ್ಣನನ್ನು ಮದುವೆಯಾಗಿ ನಮ್ಮ ಎರಡು ಕೋಣೆಯ ಮನೆಗೆ ಬಂದ ಮರುವಾರವೇ, ಲಾಂಡ್ರಿಯ ಹಿಂದಿನ ಗೋಡೆಗೂ ನಮ್ಮ ಸಾಲುಮನೆಗಳಿಗೂ ನಡುವೆ ಉಳಿದಿದ್ದ ಜಾಗವನ್ನು ಕಣ್ಣಲ್ಲೇ ಅಳೆದು ಮುಗಿಸಿದ್ದಳು. ಅದನ್ನು ಜಾಗ ಎನ್ನುವುದೇ ದೊಡ್ಡ ಮಾತು. ನಾಲ್ಕು ಹೆಜ್ಜೆ ಅಗಲ, ಇಪ್ಪತ್ತು ಹೆಜ್ಜೆ ಉದ್ದ, ಅದರ ತುಂಬ ಒಡೆದ ಬಕೆಟ್ಟು, ತುಕ್ಕು ಹಿಡಿದ ತಂತಿ, ಇಟ್ಟಿಗೆ ಚೂರು. ಇಲ್ಲಿ ಏನಾದರೂ ಬೆಳೆಯಬಹುದು ಎಂದಳು. ಇಲಿ ಬೆಳೆಯಬಹುದು ಎಂದೆ ನಾನು. ಆಗ ನನಗೆ ಇಪ್ಪತ್ತೆರಡು, ಅವಳಿಗೆ ಇಪ್ಪತ್ತೈದು. ನನ್ನ ಬಾಯಿ ಮೊದಲಿನಿಂದಲೂ ಜೋರು. ನಾದಿನಿ ಎಂಬ ಪದವಿ ಬೇರೆ ಸಿಕ್ಕ ಮೇಲೆ ಕೇಳಬೇಕೆ.

ನಾನು ಕೆಲಸ ಮಾಡುತ್ತಿದ್ದದ್ದು ಆ ಲಾಂಡ್ರಿಯಲ್ಲೇ. ಊರಿನ ಆಸ್ಪತ್ರೆಗಳ ಹಾಸುಬಟ್ಟೆ, ಹೊದಿಕೆ, ಡಾಕ್ಟರುಗಳ ಕೋಟು ಎಲ್ಲ ಅಲ್ಲಿಗೆ ಬಂದು ಬೆಳ್ಳಗಾಗಿ ಹೋಗುತ್ತಿದ್ದವು. ಅಣ್ಣ ಗೋದಾಮೊಂದರ ಕಾವಲುಗಾರ, ಅವನ ಸಂಬಳ ತಿಂಗಳ ಮೂರನೆಯ ವಾರಕ್ಕೇ ಉಸ್ಸಪ್ಪಾ ಎನ್ನುತ್ತಿತ್ತು. ಹಾಗಾಗಿ ಎರಡು ತಿಂಗಳಲ್ಲಿ ಅತ್ತಿಗೆಯೂ ಲಾಂಡ್ರಿ ಸೇರಿದಳು. ಕೆಲಸಕ್ಕೆ ಬಂದವಳು ಅಲ್ಲಿಂದ ತೋಟಕ್ಕೆ ಬೇಕಾದದ್ದೆಲ್ಲ ಕಂಡುಕೊಂಡಳು. ತೂತುಬಿದ್ದ ಒಗೆಯುವ ಡ್ರಮ್ಮನ್ನು ಮೇಸ್ತ್ರಿಯ ಹತ್ತಿರ ಕೇಳಿ ತಂದು ಅದರಲ್ಲಿ ಮೂಲಂಗಿ ಹಾಕಿದಳು. ಸೋಪಿನ ನೀರು ಕುಡಿದು ಕುಡಿದು ಅಲ್ಲಿನ ಮಣ್ಣು ಸತ್ತುಹೋಗಿತ್ತು. ಎರಡು ವರ್ಷ, ಊಟದ ಡಬ್ಬಿ ಒಯ್ಯುವ ಚೀಲದಲ್ಲಿ, ಎಲ್ಲೆಲ್ಲಿ ಪಾಯ ತೋಡುತ್ತಿದ್ದರೋ ಅಲ್ಲಿಂದೆಲ್ಲ ಒಳ್ಳೆಯ ಮಣ್ಣು ಹೊತ್ತು ತಂದಳು. ಬಟ್ಟೆಗಳಿಂದ ಕಿತ್ತುಹೋಗಿ ಯಾರೂ ಕೇಳದೆ ಉಳಿದ ಗುಂಡಿಗಳನ್ನು ಆಯ್ದುಕೊಂಡು, ದಾರ ಪೋಣಿಸಿ, ಕಡ್ಡಿಗೆ ಕಟ್ಟಿ ಪಾತಿಗಳಲ್ಲಿ ನೆಟ್ಟಳು. ನಾಲ್ಕು ತೂತಿನ ಬಿಳಿ ಗುಂಡಿ ಎಂದರೆ ಮೂಲಂಗಿ, ಎರಡು ತೂತಿನ ಕರಿಯದು ಖಾರದ ಮೆಣಸು, ಹಿತ್ತಾಳೆಯದು ಸಾಸಿವೆ. ಆ ಲಿಪಿ ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಲಾಂಡ್ರಿಯವರು ಅವಳಿಗೆ ಗುಂಡಿಯಮ್ಮ ಎಂದು ಹೆಸರಿಟ್ಟರು, ಅದೇ ಉಳಿಯಿತು.

ಸಾಲು ಹಿಡಿದು ನೆಡುವುದೆಂದರೆ ಅವಳಿಗಾಗದು. ಮೆಣಸಿನ ಮಧ್ಯೆ ಸಬ್ಬಸಿಗೆ, ಸೌತೆಯ ಬುಡದಲ್ಲಿ ಬೆಳ್ಳುಳ್ಳಿ, ಗೋಡೆ ಮೇಲಿನ ಡಬ್ಬಿಗಳಲ್ಲಿ ಸೊಪ್ಪು. ಒಂದು ವರ್ಷ ಮೆಣಸಿನ ಗಿಡವೊಂದು ತನ್ನಷ್ಟಕ್ಕೆ ಹಳದಿ ಕಾಯಿ ಬಿಟ್ಟಿತು. ಅವಳು ಅದರ ಬೀಜವನ್ನು ಮಾತ್ರ ಎತ್ತಿಟ್ಟು, ಮರುವರ್ಷ ಅದರಲ್ಲಿ ಚೆನ್ನಾಗಿದ್ದದ್ದನ್ನು ಮತ್ತೆ ಆರಿಸಿ, ಐದನೆಯ ವರ್ಷಕ್ಕೆ ಇಡೀ ಊರಲ್ಲಿ ಯಾರ ಹತ್ತಿರವೂ ಇಲ್ಲದ, ನಿಂಬೆಯ ವಾಸನೆಯ ಒಂದು ಮೆಣಸು ಮಾಡಿಕೊಂಡಳು. ನಾನೇ ಮಾಡಿದ್ದು ಎಂದು ಅವಳು ಹೇಳಿಕೊಂಡದ್ದನ್ನು ನಾನು ಕೇಳಿಲ್ಲ. ಆದರೆ ಯಾರಾದರೂ ಅದನ್ನು ತಿಂದು ಕಣ್ಣರಳಿಸಿದರೆ ಅವಳ ಮುಖ ನೋಡಬೇಕಿತ್ತು.

ಇಷ್ಟೆಲ್ಲ ಬೆಳೆದದ್ದು ಉಪ್ಪಿನಕಾಯಿಗೆ. ಅದು ಅವಳ ಅಮ್ಮನಿಂದ ಬಂದದ್ದು, ಅಮ್ಮನಿಗೆ ಅಜ್ಜಿಯಿಂದ. ಎಲ್ಲೂ ಬರೆದಿಟ್ಟಿರಲಿಲ್ಲ. ತರಕಾರಿ, ಸೊಪ್ಪು, ಬೀಜ ಅವರವರ ಇಷ್ಟ. ಪ್ರತಿ ವರ್ಷ ಅತ್ತಿಗೆ ಏನಾದರೊಂದು ಹೊಸದು ಹೂಡುತ್ತಿದ್ದಳು. ಒಮ್ಮೆ ಸಬ್ಬಸಿಗೆಯ ಹೂವು, ಒಮ್ಮೆ ಸಾಸಿವೆಯ ಎಳೆ ದಂಟು. ಬದಲಾಗಬಾರದ್ದು ಎರಡೇ. ಜಾಡಿಗೆ ಮೂರು ಹಿಡಿ ಉಪ್ಪು, ಬಲಗೈಯಲ್ಲಿ. ಮುಚ್ಚಳ ಹಾಕಿದ ಮೇಲೆ ಇಪ್ಪತ್ತು ದಿನ ನಾಲಿಗೆ ತಾಕಿಸಕೂಡದು. ಚಮಚದಲ್ಲಿ ಅಳೆಯುವವರನ್ನು ಕಂಡರೆ ಅವಳು ಮೂಗು ಮುರಿಯುತ್ತಿದ್ದಳು. ಅವಳಿಗೆ ಒಂಬತ್ತು ವರ್ಷವಿದ್ದಾಗ ಅವಳಮ್ಮ ತನ್ನ ಹಿಡಿ ಬಿಚ್ಚಿ, ಆ ಉಪ್ಪನ್ನು ಅವಳ ಕೈಗೆ ಸುರಿದು, ಈ ಭಾರ ಮರೀಬೇಡ ಎಂದಿದ್ದಳಂತೆ. ಕೈ ಬೆಳೆದರೂ ಭಾರ ಮಾತ್ರ ಅಷ್ಟೇ ಇರುವ ಹಾಗೆ ನೋಡಿಕೊಂಡೆ ಎಂದು ಅತ್ತಿಗೆ ಹೇಳುತ್ತಿದ್ದಳು. ನಾನು ಆಗ ನಕ್ಕಿದ್ದೆ.

ಜಾಡಿಯ ಕೊರಳಿಗೆ ಲಾಂಡ್ರಿಯ ಬಟ್ಟೆ ಚೀಟಿಯನ್ನೇ ಕಟ್ಟಿ, ನಾವು ಹಾಸುಬಟ್ಟೆಗೆ ನಂಬರು ಹಾಕುವ ಅಳಿಸದ ಶಾಯಿಯಲ್ಲಿ ತಾರೀಕು ಬರೆಯುತ್ತಿದ್ದಳು. ಇಪ್ಪತ್ತೊಂದನೆಯ ದಿನ ಮುಚ್ಚಳ ತೆಗೆದರೆ ಸಾಲುಮನೆಯವರೆಲ್ಲ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ದಿನಕ್ಕೆ ಒಂಬತ್ತು ತಾಸು ಬೇರೆಯವರ ಕಾಯಿಲೆಯ ಬಟ್ಟೆ ಒಗೆಯುವವಳಿಗೆ ಇದು ನನ್ನದು ಎನ್ನಲು ಇದ್ದದ್ದು ಅಷ್ಟೇ. ಅದೂ ಇಲ್ಲದಿದ್ದರೆ ಅವಳು ಏನಾಗುತ್ತಿದ್ದಳು ಎಂದು ಆಗ ಯಾರೂ ಯೋಚಿಸಲಿಲ್ಲ.

ಈಗ ಆ ದಿನದ ಮಾತು ಹೇಳಲೇಬೇಕು. ಹಾಸುಬಟ್ಟೆಯನ್ನು ಇಸ್ತ್ರಿ ಮಾಡುವ ದೊಡ್ಡ ರೋಲರಿಗೆ ಇಬ್ಬರು ಬಟ್ಟೆ ಕೊಡಬೇಕು, ಆಚೆ ಈಚೆ ನಿಂತು ಒಂದೊಂದು ಅಂಚು ಹಿಡಿದು. ಅದರ ಬಾಯಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇರುತ್ತದೆ; ಕೈ ತಾಕಿದರೆ ಯಂತ್ರ ನಿಲ್ಲುತ್ತದೆ. ಆದರೆ ಬಟ್ಟೆಯ ಮಡಿಕೆ ತಾಕಿದರೂ ನಿಲ್ಲುತ್ತದೆ, ನಿಂತರೆ ರೋಲರು ಮತ್ತೆ ಬಿಸಿಯಾಗಲು ಕಾಲು ತಾಸು ಬೇಕು, ಮೇಸ್ತ್ರಿ ಬಯ್ಯುತ್ತಾನೆ. ಅದಕ್ಕೆ ನಾವೆಲ್ಲ ಆ ಪಟ್ಟಿಯನ್ನು ಹರುಕು ಬಟ್ಟೆಯಿಂದ ಮೇಲಕ್ಕೆ ಕಟ್ಟಿಬಿಡುತ್ತಿದ್ದೆವು. ಎಲ್ಲರೂ ಕಟ್ಟುತ್ತಿದ್ದರು. ಆ ದಿನ ಕಟ್ಟಿದ್ದು ನಾನು. ಎದುರಿಗೆ ಅಂಚು ಹಿಡಿದಿದ್ದದ್ದು ಅತ್ತಿಗೆ. ಬಟ್ಟೆ ಸುಕ್ಕಾಯಿತೆಂದು ನಾನು ನನ್ನ ಕಡೆಯಿಂದ ಎಳೆದೆ, ಅವಳು ಸರಿಮಾಡಲು ಕೈ ಮುಂದೆ ಚಾಚಿದಳು. ಬಲಗೈಯ ಮೂರು ಬೆರಳು ಹೋದವು. ಹೆಬ್ಬೆರಳು, ತೋರುಬೆರಳು ಉಳಿದವು.

ಪಟ್ಟಿ ಕಟ್ಟಿದವರು ಯಾರು ಎಂದು ಮೇಸ್ತ್ರಿ ಕೇಳಿದಾಗ ಅತ್ತಿಗೆ ಗೊತ್ತಿಲ್ಲ ಎಂದಳು. ನನಗೂ ಒಂದು ಮಾತು ಆಡಲಿಲ್ಲ, ಆಗಲೂ ಇಲ್ಲ, ಆಮೇಲೂ ಇಲ್ಲ. ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಗಾಯ ಮಾಗಿದ ಮೇಲೆ ಅವಳನ್ನು ಬಟ್ಟೆಗೆ ಚೀಟಿ ಕಟ್ಟುವ ಮೇಜಿಗೆ ಕೂರಿಸಿದರು. ಮನೆಯಲ್ಲಿ ಅನ್ನ ಕಲಸುವುದನ್ನೂ ಅವಳು ಎಡಗೈಗೆ ಬಿಡಲಿಲ್ಲ, ಉಳಿದ ಎರಡು ಬೆರಳಲ್ಲೇ ಹೆಣಗುತ್ತಿದ್ದಳು. ಮೂರು ತಿಂಗಳು ತೋಟದ ಕಡೆ ತಲೆ ಹಾಕಲಿಲ್ಲ. ನಾಲ್ಕನೆಯ ತಿಂಗಳು ಒಂದು ದಿನ ತಾನಾಗಿಯೇ ಹೋಗಿ ಕಳೆ ಕಿತ್ತು ಬಂದಳು. ಆ ವರ್ಷದ ಮೊದಲ ಜಾಡಿ ಹಾಕಲು ಕೂತಾಗ ನಾನೂ ಅಣ್ಣನೂ ಬಾಗಿಲಲ್ಲಿ ನಿಂತಿದ್ದೆವು. ಎರಡು ಬೆರಳಿಗೆ ಹಿಡಿ ತುಂಬುವುದಿಲ್ಲವೆಂದು ಅವಳಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಅಂಗೈಯನ್ನು ಬಟ್ಟಲಿನಂತೆ ಮಾಡಿ, ತೂಗಿ ತೂಗಿ ನೋಡಿ, ಮೂರರ ಬದಲು ಐದು ಸಲ ಹಾಕಿದಳು. ಇಷ್ಟೇ ಎಂದು ಕೈ ಹೇಳ್ತಿದೆ ಎಂದಳು. ಅಪಘಾತವಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಒಂಬತ್ತನೆಯ ದಿನ ಜಾಡಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡಿತು. ಅತ್ತಿಗೆ ಲಾಂಡ್ರಿಯಲ್ಲಿದ್ದಳು, ನನಗೆ ಆ ದಿನ ರಜೆ. ಮುಚ್ಚಳ ತೆಗೆದರೆ ಸೌತೆಯೆಲ್ಲ ಲೋಳೆಯಾಗಿತ್ತು. ಉಪ್ಪು ಸಾಲದೆ ಕೊಳೆತಿತ್ತು. ಅಣ್ಣ ಜಾಡಿಯನ್ನೂ ನನ್ನನ್ನೂ ನೋಡಿ, ಕೈ ಅಂತೂ ಹೋಯ್ತು, ಇದಾದರೂ ಅವಳಿಗೆ ಇರಲಿ ಎಂದ. ಅವನು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಕೊಳೆತದ್ದನ್ನು ಲಾಂಡ್ರಿಯ ಚರಂಡಿಗೆ ಸುರಿದು, ತೋಟದಿಂದ ಹೊಸದು ಕಿತ್ತು, ಹಾಗೇ ಹೆಚ್ಚಿ, ಕಣ್ಣಂದಾಜಿಗೆ ಉಪ್ಪು ಹಾಕಿ, ಅದೇ ಚೀಟಿಯನ್ನು ಅದೇ ಜಾಡಿಗೆ ಕಟ್ಟಿಟ್ಟೆ. ಇಪ್ಪತ್ತೊಂದನೆಯ ದಿನ ಅತ್ತಿಗೆ ಒಂದು ಹೋಳು ಬಾಯಿಗೆ ಹಾಕಿಕೊಂಡು ತುಂಬ ಹೊತ್ತು ಅಗಿದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆಂದು ನಮಗೆ ತಿಳಿದಿತ್ತು, ಒಳ್ಳೆಯ ಕೆಲಸ ಮಾಡಿದೆವೆಂದು ನಾವೂ ಅಂದುಕೊಂಡೆವು.

ಅಲ್ಲಿಂದ ಆರು ವರ್ಷ ಹಾಗೇ ನಡೆಯಿತು. ಆಮೇಲೆ ಚೆಲ್ಲುವ ಕೆಲಸವೂ ಇರಲಿಲ್ಲ. ಅವಳು ಜಾಡಿ ಮುಚ್ಚಿ ನೀರು ಹಾಕಲು ತೋಟಕ್ಕೆ ಹೋದ ಕೂಡಲೇ ನಾನು ಮುಚ್ಚಳ ತೆಗೆದು ಉಪ್ಪು ಸೇರಿಸುತ್ತಿದ್ದೆ. ಎಷ್ಟು ಎಂದು ಅಳೆದವಳಲ್ಲ. ಒಂದೊಂದು ಸಲ ಜಾಸ್ತಿಯೂ ಆಗಿರಬೇಕು, ಕೆಡುವುದಕ್ಕಿಂತ ಅದೇ ವಾಸಿ ಎಂದು ನನ್ನ ಲೆಕ್ಕ. ಇಪ್ಪತ್ತು ದಿನ ನಾಲಿಗೆ ತಾಕಿಸಬಾರದೆಂಬ ಅವಳಮ್ಮನ ಕಟ್ಟಳೆ ನನಗೆ ರಕ್ಷಣೆಯಾಗಿತ್ತು. ಮೂರನೆಯ ವರ್ಷ ಅತ್ತಿಗೆ ತಿಂದು ನೋಡಿ, ಅಮ್ಮನದಕ್ಕಿಂತ ಒಂದು ಕೈ ಮೇಲೆ ಬಂದಿದೆ ಎಂದು ಬೀಗಿದಳು. ನಾನು ತಟ್ಟೆ ತೊಳೆಯಲು ಎದ್ದು ಹೋದೆ. ಆ ವರ್ಷಗಳಲ್ಲಿ ಅವಳು ತೋಟವನ್ನು ಬೆಳೆಸಿದ್ದು ನೋಡಬೇಕಿತ್ತು. ಒಡೆದ ಇಸ್ತ್ರಿ ಹಲಗೆಗಳನ್ನು ಮೆಟ್ಟಿಲಿನಂತೆ ಜೋಡಿಸಿ ಗೋಡೆಯುದ್ದಕ್ಕೂ ಗಿಡ ಏರಿಸಿದಳು. ಕೈ ಇಲ್ಲದವಳು ಎಂದು ಕನಿಕರ ತೋರಿಸಲು ಬಂದವರನ್ನು ಜಾಡಿ ಕೊಟ್ಟು ಕಳಿಸುತ್ತಿದ್ದಳು.

ಅಣ್ಣ ಅತ್ತಿಗೆಗೆ ಒಬ್ಬಳೇ ಮಗಳು, ಅಪಘಾತವಾದಾಗ ಹೈಸ್ಕೂಲಿನಲ್ಲಿದ್ದಳು. ಹುಟ್ಟಿದಾಗ ಗುಬ್ಬಿಯಷ್ಟಿದ್ದಳೆಂದು ಗುಬ್ಬಿ ಎಂದೇ ಕರೆದೆವು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಮದುವೆಯಾಗಿ ಬೇರೆ ಊರಿಗೆ ಹೊರಟಳು. ಹೊರಡುವ ಮುಂಚೆ ಅತ್ತಿಗೆ ಅವಳನ್ನು ಕೂರಿಸಿಕೊಂಡು ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದಳು. ಯಾವ ಕಾಯಿ ಯಾವಾಗ ಕೀಳಬೇಕು, ಯಾವ ಬೀಜ ಹುರಿಯಬೇಕು, ಯಾವುದನ್ನು ಹುರಿಯಬಾರದು. ಉಪ್ಪಿನ ಹತ್ತಿರ ಬಂದಾಗ ತನ್ನ ಕೈಯನ್ನೊಮ್ಮೆ ನೋಡಿಕೊಂಡಳು. ಅಮ್ಮ ತನಗೆ ಕೊಟ್ಟಂತೆ ಕೈಯಿಂದ ಕೈಗೆ ಕೊಡಲು ಈ ಕೈಯಲ್ಲಿ ಆಗುವುದಿಲ್ಲ ಎಂದಳು. ಬದಲಿಗೆ ಒಂದು ಸ್ಟೀಲ್ ಲೋಟ ತಂದು, ಐದು ಸಲ ಉಪ್ಪು ಹಾಕಿ, ಅದು ನಿಂತ ಮಟ್ಟಕ್ಕೆ ದಬ್ಬಳದಿಂದ ಒಳಗೆ ಗೆರೆ ಎಳೆದಳು. ಚಮಚ ಹಿಡಿದವರನ್ನು ಆಡಿಕೊಳ್ಳುತ್ತಿದ್ದವಳು ಮಗಳಿಗಾಗಿ ಅಳತೆ ಮಾಡಿದ್ದು ಅದೊಂದೇ ಸಲ.

ನಾನು ಅಲ್ಲೇ ಇದ್ದೆ. ದಬ್ಬಳ ಲೋಟವನ್ನು ಕೆರೆಯುವ ಸದ್ದಿಗೆ ಹಲ್ಲು ಜುಮ್ಮೆಂದಿತು. ಆಗಲೇ ಬಾಯಿ ಬಿಡಬೇಕಿತ್ತು. ಗುಬ್ಬಿಯನ್ನು ಪಕ್ಕಕ್ಕೆ ಕರೆದು, ಗೆರೆಯ ಮೇಲೆ ಇನ್ನಷ್ಟು ಹಾಕು ಎಂದರೂ ಸಾಕಿತ್ತು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಅವಳು ಅಮ್ಮನ ಹತ್ತಿರ ಹೇಳಿಬಿಟ್ಟರೆ ಎಂದು ಹೆದರಿದೆ. ಯಾರಿಗೂ ಬೆದರದ ನನ್ನ ಬಾಯಿಗೆ ಆವತ್ತು ಬೀಗ ಬಿತ್ತು.

ಗುಬ್ಬಿ ಗಂಡನ ಮನೆಗೆ ಹೋದ ತಿಂಗಳಲ್ಲೇ ಮೊದಲ ಜಾಡಿ ಹಾಕಿದಳು, ಕೆಟ್ಟಿತು. ಫೋನಿನಲ್ಲಿ ಅತ್ತಿಗೆ ಸಮಾಧಾನದಿಂದಲೇ, ಒದ್ದೆ ಕೈ ತಾಕಿಸಿರುತ್ತೀಯ ಎಂದಳು. ಎರಡನೆಯದೂ ಕೆಟ್ಟಿತು. ಅವಸರದವಳು ನೀನು, ಇಪ್ಪತ್ತು ದಿನ ಕಾದಿರುವುದಿಲ್ಲ ಎಂದಳು. ಮೂರನೆಯದು ಕೆಟ್ಟಾಗ ಅದನ್ನು ನೋಡಿ ಗುಬ್ಬಿಯ ಗಂಡನ ತಾಯಿ, ನಿಮ್ಮಮ್ಮ ಒಂದು ಸಾಮಾನು ಹೇಳದೆ ಉಳಿಸಿಕೊಂಡಿದ್ದಾರೆ, ಒಳ್ಳೆ ಕೈಯವರು ಪೂರ್ತಿ ಗುಟ್ಟು ಯಾರಿಗೂ ಬಿಡುವುದಿಲ್ಲ ಎಂದರಂತೆ. ಆ ಮಾತು ಗುಬ್ಬಿಯ ತಲೆಯಲ್ಲಿ ಕೂತಿತು. ಮುಂದಿನ ರಜೆಗೆ ಬಂದವಳು ಜಾಡಿಯನ್ನೇ ಚೀಲದಲ್ಲಿಟ್ಟುಕೊಂಡು ಬಂದು ಅಮ್ಮನ ಮುಂದೆ ಇಟ್ಟಳು. ಮನೆಯೆಲ್ಲ ನಾತ.

"ಅಮ್ಮ, ನೀನು ಏನೋ ಒಂದನ್ನ ನಂಗೆ ಹೇಳಿಲ್ಲ."

"ನನ್ನ ಹೊಟ್ಟೇಲಿ ಹುಟ್ಟಿದವಳಿಗೆ ಮುಚ್ಚಿಟ್ಟು ನಾನೇನು ಮಾಡ್ಲಿ? ನಿಂಗೆ ಕೈ ಇಲ್ಲ, ಅಷ್ಟೇ."

ಕೈ ಇಲ್ಲ ಎಂಬ ಮಾತು ಆ ಮನೆಯಲ್ಲಿ, ಆ ಬಾಯಿಯಿಂದಲೇ ಬಂತು. ಗುಬ್ಬಿ ಅಮ್ಮನ ಕೈ ನೋಡಿ, ಜಾಡಿಯನ್ನು ಮತ್ತೆ ಚೀಲಕ್ಕೆ ತುಂಬಿದಳು. ಅದೇ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ಎರಡೂವರೆ ತಿಂಗಳು ಫೋನಿಲ್ಲ. ಅಣ್ಣ ಮಾಡಿದರೆ ಎರಡು ಮಾತಾಡಿ ಇಟ್ಟುಬಿಡುತ್ತಿದ್ದಳು. ಅತ್ತಿಗೆ ಹಟದವಳು, ತಾನಾಗಿ ಮಾಡಲಿಲ್ಲ. ನನ್ನ ಮಗಳಿಗೆ ಒಂದು ಜಾಡಿ ನೆಟ್ಟಗೆ ಹಾಕಲು ಬರುವುದಿಲ್ಲ, ಮೇಲೆ ನನ್ನನ್ನೇ ಕಳ್ಳಿ ಮಾಡುತ್ತಾಳೆ ಎಂದು ಪಕ್ಕದ ಟೈಲರನ ಹೆಂಡತಿಯ ಮುಂದೆ ಹೇಳಿಕೊಂಡು ಕಣ್ಣೊರೆಸಿಕೊಂಡಳು. ಆ ವರ್ಷವೇ ಅವಳ ಎಡಗೈ ನಡುಗಲು ಶುರುವಾಗಿತ್ತು. ಲೋಟ ಹಿಡಿದರೆ ನೀರು ತುಳುಕುತ್ತಿತ್ತು. ಇದು ಕಡಿಮೆಯಾಗುವ ನಡುಕವಲ್ಲ, ಮಾತ್ರೆಯಲ್ಲಿ ಹಿಡಿದಿಡಬಹುದು ಅಷ್ಟೇ ಎಂದು ಡಾಕ್ಟರು ಹೇಳಿದ್ದರು.

ಹೇಳಿಬಿಡೋಣವೇ ಎಂದು ಅಣ್ಣನನ್ನು ಕೇಳಿದೆ. ಈಗ ಹೇಳಿ ಸಿಗುವುದೇನು ಎಂದು ಅವನು ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋದ. ಅವನದು ಸದಾ ಅದೇ ಉಪಾಯ. ಆದರೆ ತಪ್ಪಿಲ್ಲದ ಹುಡುಗಿಯೊಬ್ಬಳು ಅಮ್ಮನನ್ನು ಕಳೆದುಕೊಳ್ಳುತ್ತಿದ್ದಳು, ನಾನು ಅದನ್ನು ನೋಡುತ್ತ ಊಟ ಮಾಡುತ್ತಿದ್ದೆ. ಮರುದಿನ ಬೆಳಿಗ್ಗೆ ಅತ್ತಿಗೆ ಹಳದಿ ಮೆಣಸು ಕೀಳುತ್ತಿದ್ದಾಗ ಹೋಗಿ ನಿಂತೆ.

"ಅತ್ತಿಗೆ, ಗುಬ್ಬಿದು ತಪ್ಪಿಲ್ಲ. ಲೋಟದ ಗೆರೆ ತಪ್ಪು."

"ಗೆರೆ ಎಳೆದದ್ದು ನಾನು."

"ಅದಕ್ಕೇ. ನೀನು ಹಾಕೋ ಉಪ್ಪು ಸಾಲಲ್ಲ. ಕೈಗೆ ಹಾಗಾದಾಗಿಂದ ಸಾಲ್ತಿಲ್ಲ. ನೀನು ಈಚೆ ಬಂದಾಗ ನಾನು ಮತ್ತೆ ಹಾಕ್ತಿದ್ದೆ."

ಅವಳು ಇನ್ನೂ ನಾಲ್ಕೈದು ಕಾಯಿ ಕಿತ್ತಳು. ಆಮೇಲೆ ಒಂದೊಂದಾಗಿ ಕೇಳಿದಳು. ಆ ಮೊದಲ ಜಾಡಿ ಏನಾಯಿತು ಎಂದಳು. ಚೆಲ್ಲಿದೆ ಎಂದೆ. ನಿಮ್ಮಣ್ಣನಿಗೆ ಗೊತ್ತೇ ಎಂದಳು. ಗೊತ್ತು ಎಂದೆ. ಅಮ್ಮನದಕ್ಕಿಂತ ಮೇಲೆ ಎಂದು ನಾನು ಹೇಳಿದ್ದು ಎಂದು ಶುರುಮಾಡಿ ನಿಲ್ಲಿಸಿದಳು. ಗಿಡ ನಿನ್ನದು, ಬೀಜ ನಿನ್ನದು, ರುಚಿಯೆಲ್ಲ ನಿನ್ನದೇ, ಉಪ್ಪಷ್ಟೇ ನಾನು ಹಾಕಿದ್ದು ಎಂದು ನಾನು ಗಡಬಡಿಸಿ ಏನೇನೋ ಹೇಳಿದೆ. ಅವಳು ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿ ಮಗಳಿಗೆ ಫೋನು ಮಾಡಿದಳು.

ಆ ಲೋಟ ಎಸೆದುಬಿಡು, ಗೆರೆ ತಪ್ಪು ಎಳೆದಿದ್ದೆ, ನಿನ್ನ ಕೈಯಲ್ಲಿ ಏನೂ ದೋಷವಿಲ್ಲ ಎಂದಳು. ನನ್ನ ಹೆಸರೆತ್ತಲಿಲ್ಲ. ಆ ಕಡೆಯಿಂದ ಗುಬ್ಬಿ, ಹಾಗಾದರೆ ಸರಿಯಾದ ಗೆರೆ ಎಲ್ಲಿ ಎಂದು ಕೇಳಿರಬೇಕು. ಅತ್ತಿಗೆ ನನ್ನ ಕಡೆ ತಿರುಗಿ, ನೀನು ಎಷ್ಟು ಹಾಕುತ್ತಿದ್ದೆ ಎಂದಳು. ಗೊತ್ತಿಲ್ಲ, ಕಣ್ಣಂದಾಜು ಎಂದೆ. ಅವಳು ಫೋನಿಗೆ, "ಗೊತ್ತಿಲ್ಲಮ್ಮ" ಎಂದು ಹೇಳಿ ಇಟ್ಟಳು.

ಮಾರನೆಯ ಬೆಳಿಗ್ಗೆಯಿಂದ ಅವಳು ಅಡುಗೆಮನೆಯ ನೆಲದ ಮೇಲೆ ತಟ್ಟೆ ತುಂಬ ಉಪ್ಪು ಹಾಕಿಕೊಂಡು ಕೂರತೊಡಗಿದಳು. ಎಡಗೈಯಲ್ಲಿ ಹಿಡಿ ತುಂಬುವಳು, ಕಣ್ಣು ಮುಚ್ಚಿ ತೂಗಿ ನೋಡುವಳು. ಕೈ ನಡುಗಿ ಬೆರಳ ಸಂದಿಯಿಂದ ಉಪ್ಪು ಸೋರುತ್ತಿತ್ತು; ಜಾಡಿಯ ಬಾಯಿಗೆ ಬರುವಷ್ಟರಲ್ಲಿ ಹಿಡಿಯಲ್ಲಿ ಎಷ್ಟು ಉಳಿಯಿತೆಂದು ಅವಳಿಗೂ ತಿಳಿಯುತ್ತಿರಲಿಲ್ಲ. ಒಂದು ಚಿಟಿಕೆ ನಾಲಿಗೆಗಿಟ್ಟು ನೋಡುವಳು, ತಲೆಯಾಡಿಸುವಳು, ಮತ್ತೆ ತುಂಬುವಳು. ನಾನು ಸುತ್ತ ಚೆಲ್ಲಿದ್ದನ್ನು ಗುಡಿಸಲು ಹೋದಾಗ ನನ್ನ ಮುಖ ನೋಡದೆ ಹೇಳಿದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ಇಷ್ಟು ವರ್ಷವಾದ ಮೇಲೆ ನನಗೆ ಒಂದೊಂದು ಮಾತೂ ಹೀಗೆ ನೆನಪಿರುತ್ತಿರಲಿಲ್ಲ.

"ಆ ಮೊದಲನೇ ಜಾಡಿ ಕೆಟ್ಟಿದ್ದು ತೋರಿಸಿದ್ದಿದ್ರೆ, ಆವತ್ತೇ ಈ ಎಡಗೈಗೆ ಕಲಿಸ್ತಿದ್ದೆ ಕಣೇ. ಆಗ ಇದು ನಡುಗ್ತಿರ್ಲಿಲ್ಲ. ಅಮ್ಮನ ರುಚಿನೂ ನಾಲಿಗೆ ಮೇಲಿತ್ತು. ಈಗ ಎಷ್ಟು ನೆನೆಸಿಕೊಂಡ್ರೂ ಬರೋದು ನಿನ್ನ ಉಪ್ಪೇ."

ಹನ್ನೊಂದು ದಿನ ಅವಳು ಹಾಗೆ ಕೂತಳು. ಹನ್ನೆರಡನೆಯ ದಿನ ತಟ್ಟೆ ತೊಳೆದು ಬೋರಲು ಹಾಕಿದಳು. ಮಗಳು ಮತ್ತೆ ಬಂದು ಹೋಗಿ ಮಾಡಿದಳು, ಅಷ್ಟು ಉಳಿಯಿತು. ತೋಟಕ್ಕೆ ಆಮೇಲೆ ಯಾರೂ ನೀರು ಹಾಕಲಿಲ್ಲ; ನಾನು ಹಾಕಲು ಹೋದರೆ ಬೇಡ ಎಂದಳು. ಎರಡು ವರ್ಷದಲ್ಲಿ ಲಾಂಡ್ರಿಯವರು ಅಲ್ಲಿ ಸೈಕಲ್ ನಿಲ್ಲಿಸಲು ತಗಡು ಹೊದಿಸಿದರು. ಅದಾದ ಮೇಲೂ ಎರಡು ವರ್ಷ ಅವಳಿದ್ದಳು. ಉಪ್ಪಿನಕಾಯಿ ಅಂಗಡಿಯಿಂದ ಬರುತ್ತಿತ್ತು, ಬಡಿಸಿದರೆ ಬೇಡ ಎನ್ನುತ್ತಿರಲಿಲ್ಲ. ಚೆನ್ನಾಗಿದೆಯಾ ಎಂದು ಅಣ್ಣ ಕೇಳಿದರೆ, ಉಪ್ಪು ಸರಿಯಾಗಿದೆ ಎನ್ನುತ್ತಿದ್ದಳು.